ಚಾರ್ಮಾಡಿಯ ಎಲೆಗಳು ಎಕ್ಸ್‌ಪೋರ್ಟ್‌ನಲ್ಲಿ ಕಲಸಿಹೋಗದಿರಲು

ಬೈಕ್ ಹ್ಯಾಂಡಲ್‌ಗೆ ಆಕ್ಷನ್ ಕ್ಯಾಮೆರಾ ಕಟ್ಟಿ ಚಾರ್ಮಾಡಿ ಘಾಟಿ ಇಳಿದು ಬಂದವರು ನನ್ನನ್ನು ಕೇಳುವುದು ಒಂದೇ: "ಕ್ಯಾಮೆರಾದಲ್ಲಿ ಚೆನ್ನಾಗಿತ್ತು, ಎಡಿಟ್ ಆದಮೇಲೆ ಯಾಕೆ ಹೀಗಾಯ್ತು?"

ನಮ್ಮ ಮಲೆನಾಡಿನ ವಿಡಿಯೋ ಕಂಪ್ರೆಸ್ ಮಾಡುವುದು ಕಷ್ಟ. ರಸ್ತೆಯ ಎರಡೂ ಕಡೆ ಸಾವಿರಾರು ಎಲೆ, ಪ್ರತಿ ಫ್ರೇಮಿಗೂ ಜಾಗ ಬದಲಿಸುತ್ತವೆ. ಬಿಟ್‌ರೇಟ್ (ಒಂದು ಸೆಕೆಂಡಿನ ವಿಡಿಯೋಗೆ ಬಳಸುವ ಡೇಟಾ) ಸಾಲದಿದ್ದರೆ ಮೊದಲು ಕೆಡುವುದು ಅವೇ. ಹಸಿರೆಲ್ಲ ಪಾಚಿ ಬಳಿದ ಹಾಗೆ ಕಾಣುತ್ತದೆ. ಮಂಜಿನದು ಬೇರೆ ಕಾಟ: ಬಿಳಿ ನಯವಾಗಿ ಬೂದಿಗೆ ತಿರುಗುವ ಕಡೆ ಪಟ್ಟೆ ಪಟ್ಟೆ ಬರುತ್ತದೆ. ಕ್ಯಾಮೆರಾದಲ್ಲಿ 10 ಬಿಟ್ (ಬಣ್ಣದ ಛಾಯೆಗಳನ್ನು ಹೆಚ್ಚು ನಯವಾಗಿ ಹಿಡಿಯುವ ಸೆಟ್ಟಿಂಗ್) ಇದ್ದರೆ ಮುಳ್ಳಯ್ಯನಗಿರಿಗೆ ಹೊರಡುವ ಮುಂಚೆಯೇ ಆನ್ ಮಾಡಿ. ಇನ್ನೊಂದು ಮಾತು, ಸಿಲ್ವರ್ ಓಕ್ ನೆರಳಿನ ಎಸ್ಟೇಟ್ ರಸ್ತೆಯಲ್ಲಿ ಸಂಜೆ ತೆಗೆದದ್ದು ಅಲುಗಿ ಮಸುಕಾಗಿದ್ದರೆ ಅದನ್ನು ಯಾವ ಎಕ್ಸ್‌ಪೋರ್ಟೂ (ಎಡಿಟ್ ಮುಗಿಸಿ ಕೊನೆಯ ಫೈಲ್ ತೆಗೆಯುವುದು) ಸರಿಮಾಡಲ್ಲ. ಬೆಳಕಿರುವಾಗಲೇ ತೆಗೆಯಿರಿ.

ಫೈಲನ್ನು ಕಾರ್ಡಿನಿಂದ ನೇರ ಕಂಪ್ಯೂಟರಿಗೆ ಹಾಕಿಕೊಳ್ಳಿ. ಗೆಳೆಯರ ಕ್ಲಿಪ್ ವಾಟ್ಸಾಪ್‌ನಲ್ಲೇ ಬರಬೇಕೆಂದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ವಿಡಿಯೋ ಆಗಿ ಕಳಿಸಿದರೆ ಅಲ್ಲೇ ಅರ್ಧ ಕ್ವಾಲಿಟಿ ಹೋಯಿತು.

ಎಡಿಟ್ ಮಾಡಲು ಡಾವಿಂಚಿ ರಿಸಾಲ್ವ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿಯೇ 4ಕೆ, ಸೆಕೆಂಡಿಗೆ 60 ಫ್ರೇಮ್‌ವರೆಗೆ ಕೊಡುತ್ತದೆ, ನಮಗೆ ಅದು ಸಾಕು. ಕ್ಲಿಪ್ ಹಾಕುವ ಮುಂಚೆ ಟೈಮ್‌ಲೈನ್ (ಕ್ಲಿಪ್‌ಗಳನ್ನು ಜೋಡಿಸುವ ಪಟ್ಟಿ) ಫ್ರೇಮ್ ರೇಟ್ ಸೆಟ್ ಮಾಡಿ, ಆಮೇಲೆ ಬದಲಿಸಲು ಬಿಡುವುದಿಲ್ಲ. 60ರಲ್ಲಿ ತೆಗೆದದ್ದಕ್ಕೆ 60 ಅಥವಾ 30, 50ರದ್ದಕ್ಕೆ 50 ಅಥವಾ 25. 60ನ್ನು 25ಕ್ಕೆ ಹಾಕಿದರೆ ತಿರುವುಗಳಲ್ಲಿ ಜರ್ಕ್ ಹೊಡೆಯುತ್ತದೆ.

ಮುಖ್ಯವಾದದ್ದು ಎಕ್ಸ್‌ಪೋರ್ಟ್. ಒಂದೇ ಸಲ ಮಾಡಿ. ಒಂದು ಆ್ಯಪ್‌ನಲ್ಲಿ ಕತ್ತರಿಸಿ, ಇನ್ನೊಂದರಲ್ಲಿ ಬಣ್ಣ, ಮತ್ತೊಂದರಲ್ಲಿ ಹಾಡು ಅಂತ ಹೋದರೆ ಪ್ರತಿ ಸಲವೂ ಚೂರು ಚೂರು ಕೆಡುತ್ತಾ ಹೋಗುತ್ತದೆ. 4ಕೆ ವಿಡಿಯೋಗೆ ಯೂಟ್ಯೂಬ್ ಹೇಳುವುದು 30 ಫ್ರೇಮಿಗೆ 35ರಿಂದ 45, 60 ಫ್ರೇಮಿಗೆ ಸೆಕೆಂಡಿಗೆ 53ರಿಂದ 68 ಮೆಗಾಬಿಟ್ ಬಿಟ್‌ರೇಟ್. ಘಾಟಿ ವಿಡಿಯೋಗೆ ನಾನು ಅದಕ್ಕಿಂತ ಜಾಸ್ತಿಯೇ ಇಡುತ್ತೇನೆ. ಅವರು ಹೇಗೂ ಇನ್ನೊಮ್ಮೆ ಕಂಪ್ರೆಸ್ ಮಾಡುತ್ತಾರೆ, ನಾವು ಕೊಡುವುದು ಗಟ್ಟಿಯಾಗಿರಲಿ. 80 ಮೆಗಾಬಿಟ್ ಅಂದರೆ ನಿಮಿಷಕ್ಕೆ 600 ಎಂಬಿ. ಜಾಗ ಮಾಡಿಕೊಳ್ಳಿ. 1080 ರೆಸಲ್ಯೂಶನ್‌ನಲ್ಲಿ ತೆಗೆದದ್ದನ್ನೂ 1440ಕ್ಕೆ ಏರಿಸಿ ಹಾಕಿ, ಯೂಟ್ಯೂಬ್‌ನಲ್ಲಿ ಚೆನ್ನಾಗಿ ಉಳಿಯುತ್ತದೆ.

ಪೂರ್ತಿ ಎಕ್ಸ್‌ಪೋರ್ಟ್‌ಗೆ ಮುಂಚೆ ಅತಿ ಕಷ್ಟದ ಹತ್ತು ಸೆಕೆಂಡ್ ಮಾತ್ರ ತೆಗೆದು ನೋಡಿ. ಎಲೆ ಜಾಸ್ತಿ ಇರುವ, ವೇಗದ ತಿರುವು ಇರಲಿ. ಮೂಲ ಕ್ಲಿಪ್ ಪಕ್ಕದಲ್ಲಿಟ್ಟು, ಎರಡನ್ನೂ ಒಂದೇ ಫ್ರೇಮಿನಲ್ಲಿ ನಿಲ್ಲಿಸಿ, ಚೌಕಟ್ಟಿನ ಅಂಚಿನ ಪೊದೆ ನೋಡಿ. ಎಲೆಯ ಅಂಚು ಬಿಡಿಬಿಡಿಯಾಗಿ ಕಾಣಬೇಕು. ಕಾಣದಿದ್ದರೆ ಬಿಟ್‌ರೇಟ್ ಇನ್ನೂ 20 ಮೆಗಾಬಿಟ್ ಏರಿಸಿ, ಅದೇ ಹತ್ತು ಸೆಕೆಂಡ್ ಮತ್ತೆ ತೆಗೆಯಿರಿ.