ಬೈಕ್ ಸ್ಟ್ಯಾಂಡ್ ಆರಿಸಿದ್ದು, ಬಳಸಿದ್ದು: ನನ್ನ ಅನುಭವ

ನನ್ನ ಬೈಕಿನ ಕೆಲಸ ಆದಷ್ಟೂ ನಾನೇ ಮಾಡಿಕೊಳ್ಳುತ್ತೇನೆ. ಚೈನ್ ತೊಳೆಯುವುದು, ಆಯಿಲ್ ಬದಲಿಸುವುದು, ಚಕ್ರ ಬಿಚ್ಚುವುದು, ಬ್ರೇಕ್ ಪ್ಯಾಡ್ ಹಾಕುವುದು. ಚಳಿಗಾಲ ಬಂತೆಂದರೆ ತಿಂಗಳುಗಟ್ಟಲೆ ಬೈಕನ್ನು ಒಳಗೆ ನಿಲ್ಲಿಸಿಡುವ ಕೆಲಸವೂ ಇದೆ. ಇಷ್ಟಕ್ಕೂ ಸ್ಪ್ಯಾನರ್ ಸೆಟ್ ಬಿಟ್ಟರೆ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿರುವುದು ಸ್ಟ್ಯಾಂಡ್.

ಸ್ಟ್ಯಾಂಡ್ ಕೊಳ್ಳುವವರು ಸಾಮಾನ್ಯವಾಗಿ ಎಷ್ಟು ಕಿಲೋ ತಡೆಯುತ್ತೆ, ಕಬ್ಬಿಣದ್ದಾ ಅಲ್ಯೂಮಿನಿಯಂದಾ ಅಂತ ಕೇಳುತ್ತಾರೆ. ಅದೂ ಬೇಕು. ಆದರೆ ನಾನು ಮೊದಲು ನೋಡುವುದು ಆ ಸ್ಟ್ಯಾಂಡ್ ಬೈಕಿನ ಭಾರವನ್ನು ಯಾವ ಜಾಗದಲ್ಲಿ ಹಿಡಿಯುತ್ತೆ ಅನ್ನುವುದನ್ನು. ಯಾವ ಭಾಗದ ಮೇಲೆ ಭಾರ ಕೂತಿದೆಯೋ ಆ ಭಾಗವನ್ನು ಬಿಚ್ಚುವ ಹಾಗಿಲ್ಲ. ಇಷ್ಟು ಗೊತ್ತಿದ್ದರೆ ಯಾವ ಕೆಲಸಕ್ಕೆ ಯಾವ ಸ್ಟ್ಯಾಂಡ್ ಅನ್ನುವುದು ತಾನಾಗಿಯೇ ತಿಳಿಯುತ್ತದೆ.

ಬೈಕಿಗೆ ಡಬಲ್ ಸ್ಟ್ಯಾಂಡ್ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಅದು ಭಾರವನ್ನು ಚಾಸಿಯಲ್ಲಿ ಹಿಡಿಯುತ್ತದೆ. ಹಿಂದಿನ ಚಕ್ರ ಗಾಳಿಯಲ್ಲಿ ತೂಗುತ್ತದೆ, ಆ ಚಕ್ರವನ್ನು ಚಾಸಿಗೆ ಜೋಡಿಸುವ ತೋಳು, ಅಂದರೆ ಸ್ವಿಂಗ್‌ಆರ್ಮ್ ಪೂರ್ತಿ ಕೆಳಗೆ ಇಳಿದಿರುತ್ತದೆ. ಆದ್ದರಿಂದ ಚಕ್ರ ಬಿಚ್ಚಬಹುದು, ಶಾಕ್ ಅಬ್ಸಾರ್ಬರ್ ಕೂಡ ಬಿಚ್ಚಬಹುದು. ಹಾಕುವಾಗ ಕೈಯಿಂದ ಎತ್ತಲು ಹೋಗಬೇಡಿ, ಸೊಂಟ ಹಿಡಿದುಕೊಳ್ಳುತ್ತದೆ. ಸ್ಟ್ಯಾಂಡಿನ ಎರಡೂ ಕಾಲು ನೆಲಕ್ಕೆ ತಾಗಿದೆ ಅಂತ ಖಾತ್ರಿಯಾದ ಮೇಲೆ ಇಡೀ ಮೈಭಾರವನ್ನು ಸ್ಟ್ಯಾಂಡಿನ ಪೆಡಲ್ ಮೇಲೆ ಬಿಟ್ಟರೆ ಸಾಕು. ಕೈ ಬರೀ ದಾರಿ ತೋರಿಸಲು. ಭಾರಿ ಬೈಕಾದರೆ ಹಿಂದಿನ ಚಕ್ರವನ್ನು ಒಂದು ತೆಳು ಹಲಗೆಯ ಮೇಲೆ ಹತ್ತಿಸಿಕೊಂಡು ಹಾಕುತ್ತೇನೆ, ಎತ್ತಬೇಕಾದ ಎತ್ತರ ಅಷ್ಟು ಕಡಿಮೆಯಾಗುತ್ತದೆ.

ಡಬಲ್ ಸ್ಟ್ಯಾಂಡ್ ಮೇಲೆ ಚೈನ್ ಬಿಗಿ ಮಾಡುವವರು ಒಂದು ವಿಷಯ ಗಮನಿಸಬೇಕು. ಎಂಜಿನ್ ಕಡೆಯ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ), ಸ್ವಿಂಗ್‌ಆರ್ಮಿನ ಪಿವಟ್ (ಅದು ತಿರುಗುವ ಕೀಲು), ಹಿಂದಿನ ಆಕ್ಸಲ್ (ಚಕ್ರದ ಅಚ್ಚು), ಈ ಮೂರೂ ಒಂದೇ ಗೆರೆಯಲ್ಲಿ ಬಂದಾಗ ಚೈನ್ ಅತಿ ಬಿಗಿ ಇರುತ್ತದೆ. ಸ್ವಿಂಗ್‌ಆರ್ಮ್ ತೂಗುತ್ತಿರುವಾಗ ಅದೇ ಚೈನ್ ಸಡಿಲವಾಗಿ ಕಾಣುತ್ತದೆ. ಆ ಸಡಿಲ ನೋಡಿ ಬಿಗಿ ಮಾಡಿಬಿಟ್ಟರೆ, ಜನ ಕೂತು ಗುಂಡಿ ಹಾರಿದಾಗ ಚೈನ್ ತಂತಿಯ ಹಾಗೆ ಎಳೆದು ನಿಲ್ಲುತ್ತದೆ. ಅದರ ಏಟು ಬೀಳುವುದು ಗೇರ್‌ಬಾಕ್ಸಿನ ಬೇರಿಂಗ್ ಮೇಲೆ. ಬೈಕಿನ ಪುಸ್ತಕದಲ್ಲಿ ಚೈನ್ ಸಡಿಲ ಎಷ್ಟು ಮಿ.ಮೀ. ಇರಬೇಕು ಅನ್ನುವುದರ ಜೊತೆಗೆ, ಬೈಕ್ ಹೇಗೆ ನಿಂತಿರುವಾಗ ಅಳೆಯಬೇಕು ಅಂತಲೂ ಬರೆದಿರುತ್ತಾರೆ. ಆ ಎರಡನೇ ಸಾಲನ್ನು ಬಹಳ ಜನ ಓದುವುದೇ ಇಲ್ಲ. ಸೈಡ್ ಸ್ಟ್ಯಾಂಡ್ ಮೇಲೆ ಅಂತ ಬರೆದಿದ್ದರೆ ಸೈಡ್ ಸ್ಟ್ಯಾಂಡ್ ಮೇಲೇ ಅಳೆಯಿರಿ.

ಇನ್ನು ಡಬಲ್ ಸ್ಟ್ಯಾಂಡ್ ಇಲ್ಲದ ಬೈಕುಗಳು. ಈಗ ಇವೇ ಜಾಸ್ತಿ ಅಲ್ವಾ. ನನ್ನದೂ ಅದೇ ಜಾತಿ, ಹಾಗಾಗಿ ಮೊದಲು ಕೊಂಡಿದ್ದು ಹಿಂದಿನ ಪ್ಯಾಡಾಕ್ ಸ್ಟ್ಯಾಂಡ್, ಅಂದರೆ ಹೊರಗಿನಿಂದ ತಂದಿಟ್ಟು ಹಿಂದಿನ ಚಕ್ರ ಎತ್ತುವ ಸ್ಟ್ಯಾಂಡ್. ಇದರಲ್ಲಿ ಎರಡು ಬಗೆ. ಒಂದರಲ್ಲಿ ಸ್ವಿಂಗ್‌ಆರ್ಮಿನ ಕೆಳಗೆ ಕೂರುವ ರಬ್ಬರ್ ಪ್ಯಾಡ್ ಇರುತ್ತದೆ. ಇನ್ನೊಂದರಲ್ಲಿ ಸ್ವಿಂಗ್‌ಆರ್ಮಿನ ಎರಡೂ ಕಡೆ ಸ್ಪೂಲ್ (ನೂಲಿನ ಉರುಳೆಯಂಥ ಪುಟ್ಟ ಗುಂಡಿ) ಕೂರಿಸಿ, ಅದಕ್ಕೆ ಸ್ಟ್ಯಾಂಡಿನ ಕೊಕ್ಕೆ ಹಾಕುವುದು. ನನ್ನ ಒಲವು ಪೂರ್ತಿ ಸ್ಪೂಲ್ ಕಡೆಗೆ. ಪ್ಯಾಡ್ ಜಾರಬಹುದು, ಆಯಿಲ್ ತಾಗಿದ್ದರಂತೂ ಇನ್ನೂ ಜಾಸ್ತಿ. ಕೊಕ್ಕೆಯಲ್ಲಿ ಕೂತ ಸ್ಪೂಲ್ ಅಕ್ಕಪಕ್ಕ ಸರಿಯುವುದಿಲ್ಲ. ತಿಂಗಳುಗಟ್ಟಲೆ ನಿಲ್ಲಿಸಿಟ್ಟರೆ ಕೆಲವು ರಬ್ಬರ್ ಪ್ಯಾಡ್‌ಗಳು ಪೇಂಟ್ ಮೇಲೆ ಕಲೆಯನ್ನೂ ಬಿಡುತ್ತವೆ. ಪ್ಯಾಡ್ ಸ್ಟ್ಯಾಂಡೇ ಇದ್ದರೆ ನಡುವೆ ಒಂದು ಹತ್ತಿ ಬಟ್ಟೆ ಇಡಿ.

ಸ್ಪೂಲ್ ಕೊಳ್ಳುವ ಮೊದಲು ಸ್ವಿಂಗ್‌ಆರ್ಮಿನಲ್ಲಿ ಅದಕ್ಕೆ ಥ್ರೆಡ್ ಇರುವ ತೂತು ಇದೆಯಾ ನೋಡಿ. ಇದ್ದರೆ ಬೋಲ್ಟ್ 6, 8 ಅಥವಾ 10 ಮಿ.ಮೀ. ಇರುತ್ತದೆ, ಬೈಕಿನಿಂದ ಬೈಕಿಗೆ ಬೇರೆ. ಅಂದಾಜಿನ ಮೇಲೆ ತರಬೇಡಿ. 10 ಮಿ.ಮೀ. ಬೋಲ್ಟಿನಲ್ಲೇ ಥ್ರೆಡ್ಡಿನ ಪಿಚ್ (ಸುತ್ತು ಸುತ್ತಿನ ನಡುವಿನ ಅಂತರ) 1.25 ಮತ್ತು 1.5 ಮಿ.ಮೀ. ಎರಡೂ ಸಿಗುತ್ತವೆ. ಮೊದಲ ಕೆಲವು ಸುತ್ತು ಬೆರಳಿನಲ್ಲೇ ತಿರುಗಬೇಕು. ತಿರುಗದಿದ್ದರೆ ಅಲ್ಲೇ ನಿಲ್ಲಿಸಿ. ಅಲ್ಯೂಮಿನಿಯಂ ಸ್ವಿಂಗ್‌ಆರ್ಮಿನ ಥ್ರೆಡ್ ಒಮ್ಮೆ ಹೋದರೆ ಸರಿ ಮಾಡುವುದು ದೊಡ್ಡ ಕೆಲಸ. ಹಿಂದಿನ ಚಕ್ರದ ಒಂದೇ ಕಡೆ ಸ್ವಿಂಗ್‌ಆರ್ಮ್ ಇರುವ ಬೈಕುಗಳಿಗೆ ಈ ಸ್ಟ್ಯಾಂಡ್ ಆಗಲ್ಲ. ಅವಕ್ಕೆ ಚಕ್ರದ ನಡುಭಾಗದ, ಅಂದರೆ ಹಬ್‌ನ, ತೂತಿನೊಳಗೆ ಪಿನ್ ತೂರಿಸುವ ಸ್ಟ್ಯಾಂಡ್ ಬೇರೆಯೇ ಇದೆ. ಪಿನ್ನಿನ ದಪ್ಪ, ಯಾವ ಕಡೆಯಿಂದ ತೂರಿಸಬೇಕು ಅನ್ನುವುದು ಆಯಾ ಬೈಕಿಗೆ ಬೇರೆ.

ಸ್ಟ್ಯಾಂಡಿನ ಗುಣ ನೋಡಲು ನಾನು ಮಾಡುವುದು ಇಷ್ಟೇ. ಎರಡು ಕೊಕ್ಕೆಗಳನ್ನೂ ಹಿಡಿದು ತಿರುಚಿ ನೋಡುತ್ತೇನೆ. ಅಲುಗಾಡಿದರೆ ಬೇಡ. ವೆಲ್ಡಿಂಗ್ ಒಂದೇ ಸಮನಾಗಿ ಇರಬೇಕು. ಕೆಳಗಿನ ಕಾಲುಗಳ ನಡುವೆ ಒಳ್ಳೆ ಅಗಲ ಇರಬೇಕು, ಬೈಕ್ ಪಕ್ಕಕ್ಕೆ ಬೀಳದ ಹಾಗೆ ಹಿಡಿಯುವುದು ಈ ಅಗಲವೇ. ಸ್ಟ್ಯಾಂಡಿನ ಚಕ್ರಗಳು ಸಲೀಸಾಗಿ ಉರುಳಬೇಕು, ಯಾಕೆ ಅಂತ ಮುಂದೆ ಹೇಳುತ್ತೇನೆ.

ಒಬ್ಬರೇ ಇದ್ದು ಬೈಕನ್ನು ಪ್ಯಾಡಾಕ್ ಸ್ಟ್ಯಾಂಡಿಗೆ ಏರಿಸುವುದು ಶಕ್ತಿಯ ಕೆಲಸ ಅಲ್ಲ, ಕ್ರಮದ ಕೆಲಸ. ನೆಲ ಗಟ್ಟಿ ಮತ್ತು ಸಮತಟ್ಟಾಗಿರಬೇಕು. ಟೈಲ್ಸಿನ ಸಂದಿನಲ್ಲಿ ಸ್ಟ್ಯಾಂಡಿನ ಚಕ್ರ ಸಿಕ್ಕಿಕೊಂಡರೆ ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿರಬೇಕು, ಕೊನೆಯವರೆಗೂ ಮಡಚಬಾರದು. ಮುಂದಿನ ಬ್ರೇಕ್ ಲಿವರನ್ನು ಒಂದು ಪಟ್ಟಿಯಿಂದ ಹ್ಯಾಂಡಲ್ ಗ್ರಿಪ್ಪಿಗೆ ಬಿಗಿದು ಕಟ್ಟುತ್ತೇನೆ. ಹಿಂದಿನ ಚಕ್ರ ಮೇಲೇಳುತ್ತಿದ್ದ ಹಾಗೆ ಗೇರ್ ಹಾಕಿದ್ದರೂ ಬೈಕನ್ನು ಹಿಡಿಯಲ್ಲ, ಆಗ ಹಿಡಿಯುವುದು ಮುಂದಿನ ಬ್ರೇಕ್ ಒಂದೇ.

ಆಮೇಲೆ ಬೈಕಿನ ಎಡಗಡೆ, ಹಿಂದಿನ ಚಕ್ರದ ಹತ್ತಿರ ನಿಲ್ಲುತ್ತೇನೆ. ಒಂದು ಕೈಯಲ್ಲಿ ಸೀಟಿನ ಹಿಂದಿನ ಹಿಡಿ, ಇನ್ನೊಂದರಲ್ಲಿ ಸ್ಟ್ಯಾಂಡಿನ ಹಿಡಿ. ಬೈಕನ್ನು ನೆಟ್ಟಗೆ ಮಾಡಿ, ಮೊದಲು ಎಡಗಡೆಯ ಕೊಕ್ಕೆಯನ್ನು ಸ್ಪೂಲಿಗೆ ತಾಗಿಸುತ್ತೇನೆ, ಆಮೇಲೆ ಬಲಗಡೆಯದು. ಬಲಗಡೆ ಕೂತಿದೆಯೋ ಇಲ್ಲವೋ ನಾವು ನಿಂತ ಜಾಗದಿಂದ ಕಾಣಲ್ಲ. ಅದಕ್ಕೆ ಆ ಕಡೆ ಗೋಡೆಗೆ ಒರಗಿಸಿ ಒಂದು ಹಳೆ ಕನ್ನಡಿ ಇಟ್ಟಿದ್ದೇನೆ. ಒಂದು ನೋಟದಲ್ಲಿ ಗೊತ್ತಾಗುತ್ತದೆ. ಎರಡೂ ಕೊಕ್ಕೆ ಸ್ಪೂಲಿಗೆ ಒತ್ತಿಕೊಂಡಾಗ ಬೈಕ್ ಓಲಾಡುವುದು ನಿಲ್ಲುತ್ತದೆ, ಆ ಬಿಗಿ ಕೈಗೇ ತಿಳಿಯುತ್ತದೆ. ಅದು ತಿಳಿದ ಮೇಲಷ್ಟೇ ಹಿಡಿಯನ್ನು ಅಂಗೈಯಿಂದ ಒಂದೇ ಸಮನೆ ಕೆಳಗೆ ಒತ್ತಬೇಕು. ಸ್ಟ್ಯಾಂಡಿನ ಚಕ್ರ ಉರುಳುತ್ತಾ ತಾನೇ ಬೈಕಿನ ಕೆಳಗೆ ಹೋಗಿ ಕೂರುತ್ತದೆ. ಚಕ್ರ ಸಲೀಸಾಗಿ ಉರುಳಬೇಕು ಅಂದದ್ದು ಇದಕ್ಕೇ. ಕಾಲಲ್ಲಿ ತುಳಿಯಬೇಡಿ. ತುಳಿತದಲ್ಲಿ ಒಂದು ಕೊಕ್ಕೆ ಜಾರಿದರೂ ನಿಮ್ಮ ಕೈಗೆ ಸುಳಿವೇ ಸಿಗಲ್ಲ. ಅಭ್ಯಾಸ ಆಗುವ ತನಕ ಬಲಗಡೆ ಇನ್ನೊಬ್ಬರನ್ನು ನಿಲ್ಲಿಸಿಕೊಳ್ಳಿ.

ಪ್ಯಾಡಾಕ್ ಸ್ಟ್ಯಾಂಡ್ ಸ್ವಿಂಗ್‌ಆರ್ಮಿನಲ್ಲೇ ಭಾರ ಹಿಡಿಯುವುದರಿಂದ ಶಾಕ್ ಅಬ್ಸಾರ್ಬರ್ ಹೆಚ್ಚುಕಡಿಮೆ ನೆಲದ ಮೇಲಿದ್ದಷ್ಟೇ ಒತ್ತಿಕೊಂಡಿರುತ್ತದೆ. ಚೈನ್, ಸ್ಪ್ರಾಕೆಟ್, ಚಕ್ರ, ಹಿಂದಿನ ಬ್ರೇಕ್ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಶಾಕಿನ ಬೋಲ್ಟ್ ಮಾತ್ರ ಇದರ ಮೇಲೆ ಬಿಚ್ಚಬಾರದು, ಬೈಕಿನ ಹಿಂಭಾಗ ಕುಸಿದು ಕೂರುತ್ತದೆ.

ಮುಂದಿನ ಸ್ಟ್ಯಾಂಡಿಗೂ ಇದೇ ಲೆಕ್ಕ. ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಬುಡಕ್ಕೆ ತಾಗುವ ಸ್ಟ್ಯಾಂಡ್ ಕಡಿಮೆ ಖರ್ಚಿನದು, ಚಕ್ರ ಬಿಚ್ಚಲು, ಟೈರ್ ಎತ್ತಿಡಲು ಸಾಕು. ಫೋರ್ಕಿನ ಸೀಲ್ ಬದಲಿಸಬೇಕೆಂದರೆ ಅದು ಆಗಲ್ಲ, ಯಾಕೆಂದರೆ ಭಾರ ಕೂತಿರುವುದೇ ಫೋರ್ಕ್ ಮೇಲೆ. ಅದಕ್ಕೆ ಹೆಡ್‌ಲಿಫ್ಟ್ ಸ್ಟ್ಯಾಂಡ್ ಬೇಕು. ಹ್ಯಾಂಡಲ್ ಕೆಳಗೆ ಸ್ಟೀರಿಂಗ್ ಸ್ಟೆಮ್ಮಿನ ಬುಡದಲ್ಲಿ ಇರುವ ತೂತಿಗೆ ಇದರ ಪಿನ್ ಹೋಗುತ್ತದೆ. ಪಿನ್ ಸಡಿಲ ಇರಬಾರದು, ಹಾಗಾಗಿ ತೂತಿನ ಅಳತೆ ತೆಗೆದುಕೊಂಡೇ ಹೋಗಿ. ಕೆಲವು ಬೈಕುಗಳಲ್ಲಿ ಹಾರ್ನ್ ಅಥವಾ ಬ್ರೇಕ್ ಪೈಪ್ ಅಡ್ಡ ಬರುತ್ತದೆ, ಅದನ್ನೂ ಬಗ್ಗಿ ನೋಡಿ. ನಾನು ಸ್ವಲ್ಪ ಕಾದು ಹೆಡ್‌ಲಿಫ್ಟನ್ನೇ ಕೊಂಡೆ. ಒಂದೇ ಮುಂದಿನ ಸ್ಟ್ಯಾಂಡ್ ಕೊಳ್ಳುವುದಾದರೆ ಅದೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಏರಿಸುವಾಗ ಹಿಂದಿನದು ಮೊದಲು, ಮುಂದಿನದು ಆಮೇಲೆ. ಇಳಿಸುವಾಗ ಮುಂದಿನದು ಮೊದಲು. ಇದರಲ್ಲಿ ರಾಜಿ ಇಲ್ಲ. ಬೈಕನ್ನು ನೆಟ್ಟಗೆ ಹಿಡಿದು ನಿಲ್ಲಿಸುವುದು ಹಿಂದಿನ ಸ್ಟ್ಯಾಂಡ್. ಹೆಡ್‌ಲಿಫ್ಟಿನ ಒಂದು ಪಿನ್ ಎತ್ತುತ್ತದೆ ಅಷ್ಟೇ, ವಾಲುವುದನ್ನು ತಡೆಯಲ್ಲ.

ಎಂಜಿನ್ ಕೆಳಗೆ ಇಡುವ ಕತ್ತರಿ ಜ್ಯಾಕ್ ಚಾಸಿಯ ಕೆಳಗಿನ ಪೈಪುಗಳು ಗಟ್ಟಿಯಾಗಿ ಸಿಗುವ ಬೈಕುಗಳಿಗೆ ಚೆನ್ನ. ಕೆಳಗೆ ಸೈಲೆನ್ಸರ್, ಆಯಿಲ್ ಫಿಲ್ಟರ್ ಇರುವ ಬೈಕಿಗೆ ಅದು ಬೇಡ. ಇಟ್ಟರೂ ಎರಡೂ ಕಡೆ ಪಟ್ಟಿ ಎಳೆದು ಕಟ್ಟಲೇಬೇಕು.

ಸ್ಟ್ಯಾಂಡ್ ಮೇಲೆ ಕೆಲಸ ಮಾಡುವಾಗ ಎರಡು ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಹಿಂದಿನ ಆಕ್ಸಲ್ ನಟ್ ಬಹಳ ಬೈಕುಗಳಲ್ಲಿ 100 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿಯಲ್ಲಿರುತ್ತದೆ. ಅದನ್ನು ಸ್ಟ್ಯಾಂಡ್ ಮೇಲೆ ಉದ್ದ ಸ್ಪ್ಯಾನರ್ ಹಾಕಿ ಎಳೆದರೆ ಬೈಕೇ ಕೊಕ್ಕೆಯಿಂದ ಹೊರಬರಬಹುದು. ಅದಕ್ಕೇ ಎರಡೂ ಚಕ್ರ ನೆಲದ ಮೇಲಿರುವಾಗಲೇ ನಟ್ಟಿನ ಬಿಗಿ ಬಿಡಿಸಿಕೊಳ್ಳುತ್ತೇನೆ. ಬಿಗಿ ಮಾಡುವಾಗ ಕೊನೆಯ ಟಾರ್ಕ್ (ಅಳೆದು ಕೊಡುವ ಬಿಗಿ) ಕೂಡ ಕೆಳಗಿಳಿಸಿದ ಮೇಲೆಯೇ. ಇನ್ನೊಂದು, ಎಂಜಿನ್ ಆನ್ ಮಾಡಿ ಗೇರ್ ಹಾಕಿ ಚೈನ್ ತೊಳೆಯುವುದು. ದಯವಿಟ್ಟು ಬೇಡ. ಓಡುವ ಚೈನ್ ಬಟ್ಟೆಯನ್ನು ಎಳೆದುಕೊಂಡರೆ ಬೆರಳೂ ಅದರ ಹಿಂದೆಯೇ ಸ್ಪ್ರಾಕೆಟ್ಟಿಗೆ ಹೋಗುತ್ತದೆ. ಹೀಗೆ ಬೆರಳು ಕಳೆದುಕೊಂಡವರು ಇದ್ದಾರೆ. ಎಂಜಿನ್ ಆಫ್, ಗೇರ್ ನ್ಯೂಟ್ರಲ್, ಚಕ್ರ ಕೈಯಲ್ಲೇ ತಿರುಗಲಿ.

ಚಳಿಗಾಲಕ್ಕೆ ನಿಲ್ಲಿಸಿಡುವಾಗ ಸ್ಟ್ಯಾಂಡಿನ ಮುಖ್ಯ ಕೆಲಸ ಟೈರಿನ ಮೇಲಿನ ಭಾರ ತೆಗೆಯುವುದು. ಒಂದೇ ಜಾಗದಲ್ಲಿ ಒತ್ತಿ ಕೂತ ಟೈರ್ ಅಲ್ಲಿ ಚಪ್ಪಟೆಯಾಗುತ್ತದೆ, ಗಾಳಿ ಇಳಿದರೆ ಇನ್ನೂ ಬೇಗ. ಹಾಗಾಗಿ ಎರಡೂ ಚಕ್ರ ಎತ್ತಿಡುತ್ತೇನೆ. ಹಿಂದಿನ ಸ್ಟ್ಯಾಂಡ್ ಒಂದೇ ಇದ್ದವರು ಮುಂದಿನ ಟೈರಿಗೆ ಪೂರ್ತಿ ಗಾಳಿ ತುಂಬಿ, ಕೆಳಗೆ ಹಲಗೆ ಅಥವಾ ದಪ್ಪ ರಬ್ಬರ್ ಮ್ಯಾಟ್ ಇಟ್ಟು, ಕೆಲವು ವಾರಕ್ಕೊಮ್ಮೆ ಬೈಕ್ ಇಳಿಸಿ ಸ್ವಲ್ಪ ಉರುಳಿಸಿ ಮತ್ತೆ ಏರಿಸಬೇಕು. ಟೈರಿನ ಪಕ್ಕಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟರೆ ಕಳೆದ ಸಲ ಯಾವ ಭಾಗ ಕೆಳಗಿತ್ತು ಅಂತ ನೆನಪಿಟ್ಟುಕೊಳ್ಳುವ ತಾಪತ್ರಯ ಇಲ್ಲ. ಮೋಟಾರ್ ಕಿಡಿ ಹಾರಿಸುವಂಥ ಯಂತ್ರಗಳ ಪಕ್ಕ ಬೈಕ್ ನಿಲ್ಲಿಸಬೇಡಿ. ಆ ಕಿಡಿಯಿಂದ ಹುಟ್ಟುವ ಓಝೋನ್ ಅನಿಲ ರಬ್ಬರನ್ನು ಬಿರುಕು ಬಿಡಿಸುತ್ತದೆ.

ಏರಿಸುವ ಮೊದಲೇ ಉಳಿದ ಕೆಲಸ ಮುಗಿಸಿಕೊಳ್ಳುತ್ತೇನೆ. ಬೈಕ್ ತೊಳೆದು ಒಣಗಿಸಿ, ಚೈನ್‌ಗೆ ಎಣ್ಣೆ ಹಚ್ಚುವುದು. ಹಳೆ ಎಂಜಿನ್ ಆಯಿಲ್‌ನಲ್ಲಿ ತೇವ, ಆಮ್ಲ ಸೇರಿರುತ್ತವೆ, ಅದು ಬೇರಿಂಗ್‌ಗಳ ಮೇಲೆ ತಿಂಗಳುಗಟ್ಟಲೆ ಕೂರುವುದು ಬೇಡ. ಅದಕ್ಕೆ ಆಯಿಲ್ ಈಗಲೇ ಬದಲಿಸುತ್ತೇನೆ. ಟ್ಯಾಂಕ್ ಕಬ್ಬಿಣದ್ದಾದರೆ ಪೆಟ್ರೋಲ್ ತುಂಬಾ ತುಂಬಿಸಿ, ಖಾಲಿ ಜಾಗ ಇದ್ದಷ್ಟೂ ತೇವ ಕೂತು ತುಕ್ಕು ಹಿಡಿಯುತ್ತದೆ. ಪೆಟ್ರೋಲ್ ಕೆಡದ ಹಾಗೆ ಸ್ಟೆಬಿಲೈಸರ್ ಹಾಕಿದರೆ ಕೆಲವು ನಿಮಿಷ ಎಂಜಿನ್ ಓಡಿಸಿ, ಅದು ಇಂಜೆಕ್ಟರ್ ತನಕ ಹೋಗಬೇಕು. ನೀರಿನಿಂದ ತಂಪಾಗುವ ಎಂಜಿನ್ ಆದರೆ ಕೂಲೆಂಟ್ ನಿಮ್ಮ ಊರಿನ ಚಳಿ ತಡೆಯುವಂಥದ್ದೇ ಅಂತ ನೋಡಿ, ಬರೀ ನೀರಿದ್ದರೆ ಹೆಪ್ಪುಗಟ್ಟಿ ಎಂಜಿನ್ ಒಡೆಯುತ್ತದೆ.

ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ಲೆಡ್ ಆಸಿಡ್ ಬ್ಯಾಟರಿ ಸುಮ್ನೆ ಇಟ್ಟಾಗ 12.6 ರಿಂದ 12.8 ವೋಲ್ಟ್ ತೋರಿಸಿದರೆ ಸರಿ. ಪೂರ್ತಿ ಚಾರ್ಜ್ ಇರುವ ಬ್ಯಾಟರಿ ಮೈನಸ್ 50 ಡಿಗ್ರಿಯಲ್ಲೂ ಹೆಪ್ಪುಗಟ್ಟಲ್ಲ, ಖಾಲಿಯಾದದ್ದು ಸೊನ್ನೆಗಿಂತ ಸ್ವಲ್ಪ ಕೆಳಗಿಳಿದರೂ ಹೆಪ್ಪುಗಟ್ಟುತ್ತದೆ. ತಾನೇ ನಿಲ್ಲುವ ಸ್ಮಾರ್ಟ್ ಚಾರ್ಜರ್ ಸಿಕ್ಕಿಸಿಡಿ. ಲಿಥಿಯಂ ಬ್ಯಾಟರಿಗೆ ಅದರದ್ದೇ ಚಾರ್ಜರ್ ಬೇಕು. ಆಗಾಗ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ಅಭ್ಯಾಸ ಬಹಳ ಜನಕ್ಕೆ ಇದೆ. ನಾನು ಮಾಡಲ್ಲ. ಎಂಜಿನ್ ಪೂರ್ತಿ ಬಿಸಿಯಾಗದೆ ಸೈಲೆನ್ಸರ್‌ನಲ್ಲೂ ಆಯಿಲ್‌ನಲ್ಲೂ ನೀರು ಉಳಿಯುತ್ತದೆ, ಬ್ಯಾಟರಿಗೂ ಲಾಭ ಇಲ್ಲ.

ಸೈಲೆನ್ಸರ್ ಬಾಯಿಗೆ ಇಲಿ ಹೋಗದ ಹಾಗೆ ಬಟ್ಟೆ ತುರುಕಿ, ಅದನ್ನು ತೆಗೆಯಲು ನೆನಪಿಸುವ ಚೀಟಿಯನ್ನು ಕೀಗೆ ಕಟ್ಟುತ್ತೇನೆ. ಗಾಳಿಯಾಡುವ ಕವರ್ ಹೊದಿಸುತ್ತೇನೆ. ಸ್ಟ್ಯಾಂಡ್ ಮೇಲಿರುವ ಬೈಕನ್ನು ಮಕ್ಕಳು ಹತ್ತಿದರೆ ಅಪಾಯ, ಹಾಗಾಗಿ ಆ ಜಾಗಕ್ಕೆ ಬೀಗ.

ಚಳಿ ಕಳೆದ ಮೇಲೆ ಇಳಿಸುವಾಗ ನನ್ನ ಮೊದಲ ನೋಟ ಸೈಡ್ ಸ್ಟ್ಯಾಂಡ್ ಕಡೆಗೆ. ಅದು ಹೊರಗೆ ಬಂದು ನಿಂತಿದೆ ಅಂತ ಕಣ್ಣಾರೆ ನೋಡಿ, ಬ್ರೇಕ್ ಲಿವರ್‌ಗೆ ಪಟ್ಟಿ ಕಟ್ಟಿ, ಮುಂದಿನ ಸ್ಟ್ಯಾಂಡ್ ತೆಗೆಯುತ್ತೇನೆ. ಆಮೇಲೆ ಬೈಕನ್ನು ಒಂದು ಕೈಯಲ್ಲಿ ನನ್ನ ಕಡೆಗೆ, ಅಂದರೆ ಎಡಕ್ಕೆ, ಎಳೆದು ಹಿಡಿದು ಹಿಂದಿನ ಸ್ಟ್ಯಾಂಡಿನ ಹಿಡಿಯನ್ನು ನಿಧಾನ ಮೇಲೆತ್ತುವುದು. ನೆಲಕ್ಕೆ ಬಂದ ಮೇಲೆ ಸೈಲೆನ್ಸರ್ ಬಟ್ಟೆ ತೆಗೆದು, ಟೈರಿನ ಗಾಳಿ ಓಡಿಸುವ ಮಟ್ಟಕ್ಕೆ ತಂದು, ಬ್ರೇಕ್ ಲಿವರ್ ಗಟ್ಟಿಯಾಗುವ ತನಕ ಕೆಲವು ಸಲ ಒತ್ತುತ್ತೇನೆ. ಸ್ಪೂಲಿನ ಬೋಲ್ಟ್‌ಗಳಿಗೂ ಒಮ್ಮೆ ಸ್ಪ್ಯಾನರ್ ಮುಟ್ಟಿಸಿದ ಮೇಲೆಯೇ ಕೀ ತಿರುಗಿಸುವುದು.