ಪದ್ಯ ಓದುವಾಗ ಪೆನ್ಸಿಲ್ ಎಲ್ಲಿ ಓಡಬೇಕು?

ಪಿಯುಸಿ, ಪದವಿ ವಿದ್ಯಾರ್ಥಿಗಳು ಅಲಂಕಾರಗಳ ಹೆಸರು, ಲಕ್ಷಣಗಳನ್ನು ಪಟ್ಟಿ ಮಾಡಿ ಉರು ಹೊಡೆಯುತ್ತಾರೆ. ಪರೀಕ್ಷೆಯ ಮಾರನೆಯ ದಿನ ಪಟ್ಟಿಯೂ ಮರೆತಿರುತ್ತದೆ, ಪದ್ಯವೂ ಮರೆತಿರುತ್ತದೆ. ಈ ಕ್ರಮವನ್ನು ತಿರುವುಮುರುವು ಮಾಡಿ ನೋಡಿ: ಸಾಲು ಏನು ಕೆಲಸ ಮಾಡುತ್ತಿದೆ ಎಂಬುದು ಮೊದಲು, ಅದರ ಹೆಸರು ಆಮೇಲೆ.

ಮೊದಲು ಪದ್ಯವನ್ನು ಗಟ್ಟಿಯಾಗಿ ಓದಿ. ಉಸಿರು ತಾನಾಗಿ ನಿಂತ ಕಡೆ ಗೀಟು ಎಳೆಯಿರಿ. ಹಳೆಯ ಕಾವ್ಯವಾದರೆ ಪ್ರತಿ ಸಾಲಿನ ಎರಡನೆಯ ಅಕ್ಷರದ ಮೇಲೆ ಕಣ್ಣಿಡಿ. ‘ಮಳೆ’, ‘ಹಳೆಯ’, ‘ಕೊಳದ’ ಎಂದು ಸಾಲುಗಳು ಶುರುವಾಗಿದ್ದರೆ ಅಲ್ಲಿ ‘ಳ’ಕಾರದ ಆದಿಪ್ರಾಸವಿದೆ. 1911ರಲ್ಲಿ ಮಂಜೇಶ್ವರದ ಕವಿ ಗೋವಿಂದ ಪೈ ಈ ಪ್ರಾಸವನ್ನು ಕೈಬಿಟ್ಟರು. ಆದ್ದರಿಂದ ಹೊಸಗನ್ನಡ ಕವಿತೆಯಲ್ಲಿ ಅದಕ್ಕಾಗಿ ಹುಡುಕಾಡಬೇಡಿ, ಸಾಲಿನ ಕೊನೆ ನೋಡಿದರೆ ಸಾಕು. ಮಾತ್ರೆ, ಅಂದರೆ ಉಚ್ಚಾರದ ಕಾಲ, ಎಣಿಸುವುದಿದ್ದರೆ ಲಘುವಿಗೆ (ಹ್ರಸ್ವವಾಗಿ ನುಡಿಯುವ ಅಕ್ಷರ) 1, ಗುರುವಿಗೆ (ಎಳೆದು ಅಥವಾ ಒತ್ತಿ ನುಡಿಯುವ ಅಕ್ಷರ) 2.

ಮುಂದಿನ ಹೆಜ್ಜೆ ಹೋಲಿಕೆಗಳದು. ಬೆಂಗಳೂರಿನ ಜಯನಗರದ ಯಾವುದಾದರೂ ಸಾಲುಮರದ ಬೀದಿಯನ್ನು ನೆನೆಯಿರಿ. ‘ಉದುರಿದ ಹೂ ಹಾಸಿನಂತೆ ಹರಡಿದೆ’ ಎಂದರೆ ಉಪಮೆ. ಹೂ ಉಪಮೇಯ, ಹಾಸು ಉಪಮಾನ, ‘ಅಂತೆ’ ಉಪಮಾವಾಚಕ, ಹರಡುವುದು ಸಮಾನಧರ್ಮ. ನಾಲ್ಕೂ ಇರುವುದರಿಂದ ಇದು ಪೂರ್ಣೋಪಮೆ. ‘ಹೂ ಹಾಸಿನಂತಿದೆ’ ಎಂದಷ್ಟೇ ಹೇಳಿದರೆ ಸಮಾನಧರ್ಮ ಬಿಟ್ಟುಹೋಗಿ ಲುಪ್ತೋಪಮೆಯಾಯಿತು. ‘ಹೂವೇ ಹಾಸು’ ಎಂದು ಎರಡನ್ನೂ ಒಂದಾಗಿಸಿದರೆ ರೂಪಕ. ‘ಯಾರ ಮೆರವಣಿಗೆಗೋ ಮರ ಹಾಸು ಹಾಸಿ ಕಾಯುತ್ತಿದೆಯೋ ಎಂಬಂತೆ ಹೂ ಬಿದ್ದಿದೆ’ ಎಂದು ಕಲ್ಪನೆ ಮುಂದಕ್ಕೆ ಜಿಗಿದರೆ ಉತ್ಪ್ರೇಕ್ಷೆ. ‘ಅಂತೆ’ ಕಂಡ ಕೂಡಲೇ ಉಪಮೆ ಎಂದು ಬರೆಯುವವರು ಎಡವುವುದು ಇಲ್ಲೇ.

ನಿಜವಾದ ಸ್ವಾರಸ್ಯವಿರುವುದು ಮೂರನೆಯ ಹೆಜ್ಜೆಯಲ್ಲಿ. ಒಂದು ಮಾತಿಗೆ ಎಷ್ಟು ಪದರಗಳಿವೆ ಎಂದು ಕೇಳಿಕೊಳ್ಳಿ. ‘ಗಂಗೆಯ ಮೇಲೆ ಹಳ್ಳಿ’ ಎಂಬುದು ಕಾವ್ಯಮೀಮಾಂಸೆಯ ಹಳೆಯ ಉದಾಹರಣೆ. ನೀರಿನ ಮೇಲೆ ಹಳ್ಳಿ ನಿಲ್ಲದು, ಹಾಗಾಗಿ ‘ಗಂಗೆಯ ದಡ’ ಎಂದು ಅರ್ಥ ಮಾಡಿಕೊಳ್ಳುತ್ತೇವೆ. ಪದದ ನೇರ ಅರ್ಥ ಅಭಿಧೆಯಿಂದ ಬರುತ್ತದೆ. ಅದು ಹೊಂದದೆ ಪಕ್ಕಕ್ಕೆ ಸರಿದದ್ದು ಲಕ್ಷಣೆ. ಹಳ್ಳಿಯ ತಂಪು, ಪಾವಿತ್ರ್ಯ ಮನಸ್ಸಿಗೆ ಹೊಳೆದರೆ ಅದು ವ್ಯಂಜನೆ. ಈಗ ‘ಕೆರೆಯಲ್ಲಿ ಬಸ್ಸುಗಳು ಸಾಲಾಗಿ ನಿಂತಿವೆ’ ಎಂಬ ಸಾಲನ್ನು ತೆಗೆದುಕೊಳ್ಳಿ. ಬೇರೆ ಊರಿನ ಓದುಗನಿಗೆ ಇದು ಅಸಂಗತ. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳದಲ್ಲೇ ಇದೆ ಎಂದು ಬಲ್ಲ ಬೆಂಗಳೂರಿಗನಿಗೆ ಲಕ್ಷಣೆ ಕ್ಷಣದಲ್ಲಿ ದಕ್ಕುತ್ತದೆ. ನೀರು ಎಲ್ಲಿ ಹೋಯಿತು, ಯಾರು ಹೂಳಿದರು ಎಂಬ ಕಸಿವಿಸಿ ಸಾಲಿನಲ್ಲಿ ಎಲ್ಲೂ ಬರೆದಿಲ್ಲ, ಆದರೂ ಕೇಳಿಸುತ್ತದೆ. ಅದೇ ಧ್ವನಿ. ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣವಿರುವ ಈ ಊರಿನಲ್ಲಿ ಇಂಥ ಉದಾಹರಣೆಗಳಿಗೆ ಬರವಿಲ್ಲ!

ಕಥೆಗೆ ಬಂದರೆ ಮೊದಲ ಪ್ರಶ್ನೆ: ಹೇಳುತ್ತಿರುವವರು ಯಾರು? ಲೇಖಕ ಬೇರೆ, ನಿರೂಪಕ ಬೇರೆ. ‘ಅಪ್ಪ ತಡವಾಗಿ ಬಂದರು. ಅಮ್ಮ ತಟ್ಟೆ ಇಡದೆ ಒಳಗೆ ಹೋದಳು. ನನಗೆ ಮಾತ್ರ ಎರಡು ಸಲ ಮೊಸರು ಹಾಕಿದಳು’ ಎಂದು ಎಂಟು ವರ್ಷದ ಹುಡುಗ ಹೇಳಿದರೆ, ಜಗಳ ನಡೆದದ್ದು ಅವನಿಗೆ ತಿಳಿಯದು, ನಿಮಗೆ ತಿಳಿಯುತ್ತದೆ. ಆ ಅಂತರವೇ ಕಥೆಯ ಜೀವ. ಇದನ್ನೇ ಎಲ್ಲರ ಮನಸ್ಸನ್ನೂ ಬಲ್ಲ ‘ಸರ್ವಜ್ಞ ನಿರೂಪಕ’ನ ಬಾಯಲ್ಲಿ ಬರೆದು ನೋಡಿ, ಮೊಸರು ಬರಿಯ ಮೊಸರಾಗುತ್ತದೆ. ಪಾತ್ರ, ಸನ್ನಿವೇಶ, ಸಂಘರ್ಷಗಳನ್ನು ಗುರುತಿಸಲು ಹೆಚ್ಚು ಪ್ರಯಾಸವಿಲ್ಲ, ಎರಡನೆಯ ಓದಿನಲ್ಲಿ ಅವು ತಾವೇ ಕಾಣುತ್ತವೆ.

ಕೊನೆಗೆ ಉತ್ತರ ಬರೆಯುವುದು. ‘ಇಲ್ಲಿ ರೂಪಕವಿದೆ’ ಎಂದು ಕೈತೊಳೆದುಕೊಂಡರೆ ಅರ್ಧ ಅಂಕ. ಯಾವುದನ್ನು ಯಾವುದರೊಂದಿಗೆ ಒಂದಾಗಿಸಿದ್ದಾರೆ, ರೂಪಕದ ಬದಲು ಉಪಮೆ ಇದ್ದಿದ್ದರೆ ಏನು ಕಳೆದುಹೋಗುತ್ತಿತ್ತು ಎಂದು ಇನ್ನೆರಡು ವಾಕ್ಯ ಸೇರಿಸಿ.