ಪಿಕಪ್ ಟಯರಿನ ವಯಸ್ಸು ಓದಲು ಕಲಿತದ್ದು

2024ರ ಜನವರಿಯ ಒಂದು ಬೆಳಿಗ್ಗೆ ಕೊಡಗಿನ ನಮ್ಮ ತೋಟದಿಂದ ಪಿಕಪ್ಪಿನಲ್ಲಿ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ತುಂಬಿಕೊಂಡು ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ಗೆ, ಅಂದರೆ ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಕಾರ್ಖಾನೆಗೆ, ಹೊರಟಿದ್ದೆ. 24 ಚೀಲ, ಚೀಲಕ್ಕೆ 50 ಕಿಲೋ. ಪಕ್ಕದಲ್ಲಿ ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಕುಳಿತಿದ್ದರು. ಮಾದಾಪುರ ದಾಟಿ ಸುಂಟಿಕೊಪ್ಪದ ಕಡೆ ಸಾಗುವಾಗ ಸೀಟಿನ ಕೆಳಗಿನಿಂದ ಯಾರೋ ಒನಕೆಯಲ್ಲಿ ಮೆತ್ತಗೆ ಕುಟ್ಟಿದ ಹಾಗೆ ಅನ್ನಿಸತೊಡಗಿತು. ವೇಗ ಹೆಚ್ಚಿಸಿದರೆ ಕುಟ್ಟುವುದೂ ಚುರುಕಾಗುತ್ತಿತ್ತು, ಕಾಲು ಸಡಿಲಿಸಿದರೆ ನಿಧಾನವಾಗುತ್ತಿತ್ತು. ಸ್ಟೇರಿಂಗ್ ಮಾತ್ರ ಒಂದಿಷ್ಟೂ ಅಲುಗುತ್ತಿರಲಿಲ್ಲ.

"ರಸ್ತೆ ಸರಿಯಿಲ್ಲ ಅಕ್ಕ, ಅದಕ್ಕೇ ಹೀಗೆ" ಎಂದರು ರೈಟರ್. ಆದರೆ ನಾವು ಆಗ ಹೋಗುತ್ತಿದ್ದುದು ಚೆನ್ನಾಗಿದ್ದ ಡಾಂಬರಿನ ಮೇಲೆ. ಹಿಂದಿನ ವಾರವೂ ಖಾಲಿ ಗಾಡಿಯಲ್ಲಿ ಇದೇ ಸದ್ದು ಸಣ್ಣದಾಗಿ ಕೇಳಿಸಿತ್ತು. ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದರಾಯಿತು ಎಂದುಕೊಂಡು ಕೊಯ್ಲಿನ ಗಡಿಬಿಡಿಯಲ್ಲಿ ಮರೆತಿದ್ದೆ.

ಸುಂಟಿಕೊಪ್ಪದ ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿದೆ. ಅಂಗಡಿಯ ಹಿರಿಯರು ನನ್ನ ಮಾತು ಮುಗಿಯುವ ಮೊದಲೇ "ಸ್ಟೇರಿಂಗ್ ನಡುಗುತ್ತದೆಯೋ, ಸೀಟೋ?" ಎಂದು ಕೇಳಿದರು. ಸೀಟು ಎಂದೆ. ನೇರವಾಗಿ ಹಿಂದಿನ ಚಕ್ರಗಳ ಹತ್ತಿರ ಹೋದರು. ಎಡಗಡೆಯದಕ್ಕೆ ಜಾಕ್ ಕೊಟ್ಟು, ಗೇರ್ ಬಿಡಿಸಿ, ಕೈಯಲ್ಲಿ ಚಕ್ರ ತಿರುಗಿಸುತ್ತಾ ಒಂದು ಸೀಮೆಸುಣ್ಣದ ತುಂಡನ್ನು ಟಯರಿನ ಮೈಗೆ ತಾಗಿಯೂ ತಾಗದ ಹಾಗೆ ಹಿಡಿದರು. ಸುತ್ತಲೂ ಗೆರೆ ಬೀಳಲಿಲ್ಲ. ಒಂದು ಗೇಣು ಉದ್ದಕ್ಕೆ ಮಾತ್ರ ಬಿಳಿ ಮೆತ್ತಿಕೊಂಡಿತು. "ಇಲ್ಲಿ ಕೈ ಇಟ್ಟು ನೋಡಿ" ಎಂದರು. ಬಟನ್, ಅಂದರೆ ರಸ್ತೆಗೆ ತಾಗುವ ರಬ್ಬರಿನ ಉಬ್ಬುಗಳು, ಎಲ್ಲ ಹಾಗೇ ಇದ್ದವು, ಆದರೆ ಅವುಗಳ ಬುಡವೇ ಮೇಲೆದ್ದಿತ್ತು. ಮಳೆಗಾಲದಲ್ಲಿ ನೀರು ಕುಡಿದ ಗೋಡೆಯ ಸುಣ್ಣ ಪದರ ಬಿಟ್ಟು ಉಬ್ಬುತ್ತದಲ್ಲ, ಅದೇ ರೀತಿ. ಒಳಗಿನ ಉಕ್ಕಿನ ತಂತಿಯ ಪಟ್ಟಿಗಳು ಒಂದನ್ನೊಂದು ಬಿಟ್ಟುಕೊಂಡಿದ್ದವು. ಇನ್ನು ಸ್ವಲ್ಪ ದೂರ ಹೋಗಿದ್ದರೆ ಮೇಲಿನ ಪದರ ಪೂರ್ತಿ ಕಿತ್ತು ಬರುತ್ತಿತ್ತು. ಮುಂದೆ ಇದ್ದದ್ದು ಆನೆಕಾಡಿನ ದಾರಿ. ಹನ್ನೆರಡು ಕ್ವಿಂಟಾಲ್ ಹೊತ್ತ ಗಾಡಿ ಅಲ್ಲಿ ಅಡ್ಡಾದಿಡ್ಡಿ ಎಳೆದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಪಕ್ಕದಲ್ಲಿ ಕುಳಿತವರಿಗೂ ಮನೆಯಲ್ಲಿ ಕಾಯುವವರಿದ್ದಾರೆ.

ಸ್ಟೆಪ್ನಿ ಇಳಿಸಿದೆವು. 2016ರಲ್ಲಿ ಗಾಡಿಯ ಜೊತೆ ಬಂದದ್ದು, ಒಂದು ದಿನವೂ ರಸ್ತೆ ಕಂಡಿರಲಿಲ್ಲ. ಕೆಸರು ಒರೆಸಿದಾಗ ಬಟನ್ ಹೊಸದರಂತೆ ಎದ್ದು ಕಂಡಿತು, ಮಗ್ಗುಲಲ್ಲಿ ಮಾತ್ರ ಕೂದಲೆಳೆಯಂಥ ಬಿರುಕುಗಳು. ಹಿರಿಯರು ತಲೆ ಅಲ್ಲಾಡಿಸಿದರು. "ಇದರ ಮೇಲೆ ಲೋಡ್ ಬೇಡ." ಅರ್ಧ ಚೀಲಗಳನ್ನು ಅವರ ಜಗಲಿಯಲ್ಲಿ ಇಳಿಸಿ, ಮೂವತ್ತರ ವೇಗ ಮೀರದೆ ಕುಶಾಲನಗರ ಮುಟ್ಟಿ, ಎರಡು ಸಲ ಓಡಾಡಿ ಆ ದಿನ ಮುಗಿಸಿದೆ.

ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ಪ್ರತಿ ತಿಂಗಳು ನಾನು ಟಯರ್ ನೋಡುತ್ತಿದ್ದೆ. ಬಟನ್ ಇದೆ, ಗಾಳಿ ಇದೆ, ಇನ್ನೇನು ಬೇಕು ಎಂದುಕೊಂಡಿದ್ದೆ. ನಮ್ಮದು ಹನ್ನೊಂದು ಎಕರೆಯ ತೋಟ. ಪಿಕಪ್ ವರ್ಷಕ್ಕೆ ಐದೂವರೆ ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಏಳೂವರೆ ವರ್ಷಕ್ಕೆ 41,000 ಆಗಿತ್ತು. ಬಾಡಿಗೆ ಗಾಡಿಯವರು ಇಷ್ಟನ್ನು ಒಂದು ವರ್ಷದಲ್ಲಿ ಓಡಿಸಿ, ಟಯರ್ ಬೋಳಾಗುವುದನ್ನು ಕಣ್ಣಾರೆ ಕಂಡು ಬದಲಿಸುತ್ತಾರೆ. ತೋಟದ ಗಾಡಿಯ ಟಯರ್ ಸವೆದು ಸಾಯುವುದಿಲ್ಲ, ಮುದಿಯಾಗಿ ಸಾಯುತ್ತದೆ. ಈ ವ್ಯತ್ಯಾಸ ನನಗೆ ತಿಳಿದಿರಲಿಲ್ಲ.

ಆ ಸಂಜೆ ಟಾರ್ಚ್ ಹಿಡಿದು ಗಾಡಿಯ ಸುತ್ತ ಕುಳಿತೆ. ಟಯರಿನ ಮಗ್ಗುಲಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿಗಳೇ ಹುಟ್ಟಿದ ದಿನ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನನ್ನದರಲ್ಲಿ 3416 ಎಂದಿತ್ತು, ಅಂದರೆ 2016ರ 34ನೆಯ ವಾರ, ಆಗಸ್ಟ್ ತಿಂಗಳು. ಕೆಲವು ಟಯರುಗಳಲ್ಲಿ ಈ ಅಂಕಿ ಒಂದೇ ಮಗ್ಗುಲಲ್ಲಿರುತ್ತದೆ, ಆ ಮಗ್ಗುಲು ಒಳಗಡೆ ಬಂದಿದ್ದರೆ ಗಾಡಿಯ ಕೆಳಗೆ ನುಸುಳಿಯೇ ಓದಬೇಕು. ನಾನು ಗೋಣಿ ಹಾಸಿ ನುಸುಳಿದೆ. ಐದಕ್ಕೆ ಐದೂ ಒಂದೇ ವಾರದವು.

ಆಮೇಲೆ ಬಿರುಕುಗಳ ಸರದಿ. ಟಯರಿನ ಮೇಲ್ಮೈಯನ್ನು ಸುಮ್ಮನೆ ನೋಡಿದರೆ ಏನೂ ಕಾಣುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಟ್ಟು, ಟಾರ್ಚನ್ನು ಓರೆಯಾಗಿ ಹಿಡಿಯಬೇಕು. ಆಗ ಬಿರುಕಿನ ನೆರಳು ಎದ್ದು ಕಾಣುತ್ತದೆ. ಎಡಗಡೆ ಇದ್ದ ಎರಡು ಟಯರುಗಳಲ್ಲಿ ಬಿರುಕು ಬಲಗಡೆಗಿಂತ ಬಹಳ ಹೆಚ್ಚಾಗಿದ್ದವು. ಕಾರಣ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ನಮ್ಮ ಶೆಡ್ಡಿನ ಪಶ್ಚಿಮದ ಕಡೆ ಗೋಡೆಯಿಲ್ಲ. ನಿಲ್ಲಿಸಿದ ಗಾಡಿಯ ಎಡ ಮಗ್ಗುಲಿಗೆ ಏಳು ವರ್ಷ ಸಂಜೆಯ ಬಿಸಿಲು ಬಡಿದಿತ್ತು. ಉಗುರಿನಿಂದ ಎಳೆದು ನೋಡಿದೆ. ಮಗ್ಗುಲಿನ ಮೇಲಿನವು ಉಗುರಿಗೆ ಸಿಗದಷ್ಟು ತೆಳು. ಆದರೆ ಎರಡು ಬಟನ್ನುಗಳ ನಡುವಿನ ಕಾಲುವೆಯ ತಳದಲ್ಲಿದ್ದ ಬಿರುಕಿಗೆ ಉಗುರು ಸಿಕ್ಕಿಕೊಂಡಿತು. ನಾನು ಹೆದರುವುದು ಈ ಎರಡನೆಯ ಬಗೆಗೆ. ಅದರ ಕೆಳಗೇ ಉಕ್ಕಿನ ತಂತಿ ಇರುತ್ತದೆ, ಅಲ್ಲಿಗೆ ನೀರು ಇಳಿದರೆ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಪಟ್ಟಿ ಬಿಟ್ಟುಕೊಳ್ಳುತ್ತದೆ. ಕೊಡಗಿನಲ್ಲಿ ನೀರಿಗೆ ಬರವೇ?

ರಬ್ಬರ್ ಮರದ ಹಾಲು ಎಂಬುದನ್ನು ನಾವು ಮರೆಯುತ್ತೇವೆ. ಸಂಪಾಜೆ ಘಾಟಿ ಇಳಿದರೆ ರಬ್ಬರ್ ತೋಟಗಳು ಸಿಗುತ್ತವೆ, ಅಂಗಳದಲ್ಲಿ ಹಾಳೆಗಳನ್ನು ಬಟ್ಟೆಯಂತೆ ಹರವಿರುತ್ತಾರೆ. ಅದೇ ಹಾಳೆ ಟಯರಾದ ಮೇಲೂ ಗಾಳಿ, ಬಿಸಿಲು, ಬಿಸಿ ಅದನ್ನು ತಿನ್ನುತ್ತಲೇ ಇರುತ್ತವೆ. ಇದನ್ನು ತಡೆಯಲು ಟಯರ್ ಮಾಡುವವರು ರಬ್ಬರಿನೊಳಗೆ ಮೇಣದಂಥ ರಕ್ಷಕ ಪದಾರ್ಥಗಳನ್ನು ಬೆರೆಸಿರುತ್ತಾರೆ. ಚಕ್ರ ಉರುಳಿ ರಬ್ಬರ್ ಬಾಗಿ ನಿಮಿರಿದಾಗ ಅವು ಬೆವರಿನಂತೆ ಮೇಲ್ಮೈಗೆ ಬರುತ್ತವೆ. ಕೆಲವು ಟಯರುಗಳ ಮಗ್ಗುಲು ಕಂದು ಬಣ್ಣಕ್ಕೆ ತಿರುಗುವುದು ಅದರಿಂದಲೇ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಈ ಬೆವರು ಸರಿಯಾಗಿ ಬರುವುದಿಲ್ಲ. ಕಡಿಮೆ ಓಡಿಸಿ ಟಯರ್ ಉಳಿಸುತ್ತಿದ್ದೇನೆ ಎಂದು ನಾನು ನಂಬಿದ್ದ ಕಾಲದಲ್ಲೇ ಅದು ಒಳಗೊಳಗೆ ಒಣಗುತ್ತಿತ್ತು. ನಮ್ಮ ಶೆಡ್ಡಿನಲ್ಲಿ ಆಗಾಗ ವೆಲ್ಡಿಂಗ್ ಕೆಲಸವೂ ನಡೆಯುತ್ತಿತ್ತು. ವೆಲ್ಡಿಂಗ್ ಕಿಡಿಯಿಂದ ಓಝೋನ್ ಹುಟ್ಟುತ್ತದೆ, ಅದು ರಬ್ಬರಿಗೆ ವಿಷ. ಈಗ ವೆಲ್ಡಿಂಗ್ ಸೆಟ್ಟನ್ನು ಕಣದ ಆಚೆ ಬದಿಗೆ ಸಾಗಿಸಿದ್ದೇನೆ, ಪಶ್ಚಿಮಕ್ಕೆ ತಗಡು ಹೊಡೆಸಿದ್ದೇನೆ.

ಬಟನ್ನಿನ ಆಳವನ್ನೂ ಅಳೆದೆ. ಹೊಸದರಲ್ಲಿ ಸುಮಾರು ಒಂಬತ್ತು ಮಿ.ಮೀ. ಇದ್ದದ್ದು ನಾಲ್ಕೂವರೆಗೆ ಇಳಿದಿತ್ತು. ಕಾನೂನು ಕೇಳುವುದು 1.6 ಮಿ.ಮೀ. ಮಾತ್ರ. ಟಯರಿನ ಕಾಲುವೆಗಳ ತಳದಲ್ಲಿ ಅಡ್ಡಲಾಗಿ ಸಣ್ಣ ದಿಣ್ಣೆಗಳಿರುತ್ತವೆ, ಬಟನ್ ಸವೆದು ಅವುಗಳ ಮಟ್ಟಕ್ಕೆ ಬಂದರೆ ಆ ಮಿತಿ ಮುಟ್ಟಿತು ಎಂದರ್ಥ. ಆ ಲೆಕ್ಕದಲ್ಲಿ ನನ್ನ ಟಯರ್ ಇನ್ನೂ ನಾಲ್ಕೈದು ವರ್ಷ ಓಡಬೇಕಿತ್ತು. ನಮ್ಮ ಡ್ರೈವರ್ ಕೂಡ ಅದನ್ನೇ ಹೇಳಿದ. "ಅಕ್ಕ, ಉಬ್ಬಿದ್ದು ಒಂದೇ ತಾನೆ? ಅದನ್ನು ಬದಲಿಸಿ. ಉಳಿದವುಗಳಲ್ಲಿ ಬಟನ್ ಇದೆಯಲ್ಲ." ಅವನ ಮಾತಿನಲ್ಲಿ ತಪ್ಪಿಲ್ಲ, ನಮ್ಮಲ್ಲಿ ಎಲ್ಲರೂ ಟಯರನ್ನು ಅಳೆಯುವುದು ಹಾಗೆಯೇ. ಆದರೆ ಐದೂ ಒಂದೇ ವಾರ ಹುಟ್ಟಿದವು, ಒಂದೇ ಶೆಡ್ಡಿನಲ್ಲಿ ಬೆಳೆದವು. ಒಂದಕ್ಕೆ ಬಂದದ್ದು ಉಳಿದವುಗಳಿಗೆ ಬರುವುದಿಲ್ಲ ಎಂದು ನಂಬಲು ನನಗೆ ಯಾವ ಆಧಾರವೂ ಸಿಗಲಿಲ್ಲ.

ಟಯರ್ ತಯಾರಕರಲ್ಲಿ ಹಲವರು ಐದು ವರ್ಷ ದಾಟಿದ ಟಯರನ್ನು ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಿ, ಹತ್ತು ವರ್ಷವಾದರೆ ಹೇಗಿದ್ದರೂ ತೆಗೆದುಬಿಡಿ ಎನ್ನುತ್ತಾರೆ. ಕೆಲವು ವಾಹನ ತಯಾರಕರು ಆರು ವರ್ಷಕ್ಕೇ ಗೆರೆ ಎಳೆಯುತ್ತಾರೆ. ನಾನು ನಡುವೆ ನನ್ನದೊಂದು ಗೆರೆ ಎಳೆದುಕೊಂಡಿದ್ದೇನೆ. ಐದರಿಂದ ಪ್ರತಿ ವರ್ಷ ಬಿಚ್ಚಿಸಿ ಒಳಗೂ ಹೊರಗೂ ನೋಡಿಸುವುದು, ಏಳಾದರೆ ಬಿರುಕು ಕಾಣಲಿ ಬಿಡಲಿ ಬದಲಿಸುವುದು. ಘಾಟಿ ಇಳಿಯುವ, ಭಾರ ಹೊರುವ ಗಾಡಿಗೆ ಹತ್ತು ವರ್ಷ ಎಂಬುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ರೀಸೋಲ್ ಮಾಡಿಸಿ, ಅಂದರೆ ಹಳೆಯ ಟಯರಿನ ಮೇಲೆ ಹೊಸ ಬಟನ್ ಪದರ ಕೂರಿಸಿ, ಎಂದು ಸಲಹೆ ಕೊಟ್ಟವರಿದ್ದರು. ಒಳ್ಳೆಯ ಕಡೆ ಮಾಡಿಸಿದ ರೀಸೋಲ್ ದೊಡ್ಡ ಲಾರಿಗಳಿಗೆ ಚೆನ್ನಾಗಿಯೇ ನಡೆಯುತ್ತದೆ. ನನ್ನ ತೊಂದರೆ ಬಟನ್ನಿನದಲ್ಲ, ಒಳಗಿನ ಮೈಯದು. ಮುದಿ ಮೈಗೆ ಹೊಸ ಚರ್ಮ ಹೊದಿಸಿ ಏನು ಪ್ರಯೋಜನ?

ಕೊಳ್ಳಲು ಹೋದಾಗಲೂ ಅಂಕಿ ಓದುವ ಅಭ್ಯಾಸ ಕೈಹಿಡಿಯಿತು. ಅಂಗಡಿಯಲ್ಲಿ ಮೊದಲು ಇಳಿಸಿದ ಟಯರುಗಳಲ್ಲಿ 1421 ಎಂದಿತ್ತು. ಹೊಳೆಯುವ ಹೊಸ ಟಯರ್, ವಯಸ್ಸು ಆಗಲೇ ಹೆಚ್ಚುಕಡಿಮೆ ಮೂರು ವರ್ಷ. "ಮೇಡಂ, ಗೋದಾಮಿನಲ್ಲಿ ಇದ್ದದ್ದು, ರಸ್ತೆಗೆ ಇಳಿದಿಲ್ಲ" ಎಂದರು. ತಂಪಾದ ಕತ್ತಲೆಯಲ್ಲಿ ಇಟ್ಟ ಟಯರ್ ನಿಧಾನವಾಗಿ ಮುದಿಯಾಗುತ್ತದೆ, ಅದು ನಿಜ. ಆದರೆ ವರ್ಷಕ್ಕೆ ಐದೂವರೆ ಸಾವಿರ ಓಡಿಸುವ ನನಗೆ ಬೇಕಾದದ್ದು ವರ್ಷಗಳೇ, ಅವನ್ನೇ ಬಿಟ್ಟುಕೊಟ್ಟು ಪೂರ್ತಿ ಬೆಲೆ ಕೊಡುವುದು ಹೇಗೆ? ಎರಡು ದಿನ ಕಾದೆ. 4123ರವು ಬಂದವು, ಅವನ್ನೇ ಹಾಕಿಸಿದೆ. ಆಗಿನ ದರದಲ್ಲಿ ಒಂದು ಟಯರಿಗೆ ಹೆಚ್ಚುಕಡಿಮೆ ಒಂದು ಚೀಲ ಚೆರ್ರಿಯ ಬೆಲೆ. ಸ್ಟೆಪ್ನಿಯೂ ಸೇರಿ ಐದು ಚೀಲ. ಟಯರ್ ಎಷ್ಟು ಹೊರೆ ತಡೆಯುತ್ತದೆ ಎಂದು ಹೇಳುವ ಭಾರದ ಅಂಕಿ ಹಳೆಯದರಲ್ಲಿದ್ದಷ್ಟೇ ಇದೆಯೇ ಎಂದು ಕೇಳಿ, ನೋಡಿ ತೆಗೆದುಕೊಂಡೆ. ಅಳತೆ ಒಂದೇ ಆಗಿದ್ದರೂ ಕಾರಿನ ವರ್ಗದ ಟಯರ್ ಪಿಕಪ್ಪಿನ ಹೊರೆ ತಡೆಯುವುದಿಲ್ಲ.

ಎಲ್ಲರಿಗೂ ಒಮ್ಮೆಗೇ ಐದು ಕೊಳ್ಳಲು ಆಗಲಾರದು. ಎರಡೇ ಕೊಳ್ಳುವುದಾದರೆ ಹೊಸದನ್ನು ಹಿಂದಕ್ಕೆ ಹಾಕಿ ಎಂದು ನಾನು ಹೇಳುತ್ತೇನೆ, ಟಯರ್ ತಯಾರಕರ ಸಲಹೆಯೂ ಅದೇ. ನಮ್ಮ ಕಡೆಯ ಡ್ರೈವರುಗಳು ಮುಂದಕ್ಕೇ ಹಾಕುತ್ತಾರೆ. ಮಳೆಯಲ್ಲಿ ಖಾಲಿ ಪಿಕಪ್ ಓಡಿಸಿದವರಿಗೆ ಗೊತ್ತು, ಹಿಂಬದಿ ಎಷ್ಟು ಹಗುರ, ತಿರುವಿನಲ್ಲಿ ಬ್ರೇಕ್ ಮುಟ್ಟಿದರೆ ಬಾಲ ಹೇಗೆ ಜಾರುತ್ತದೆ ಎಂದು. ಮುಂದಿನದು ಜಾರಿದರೆ ವೇಗ ಇಳಿಸಿ ಗಾಡಿಯನ್ನು ಹಿಡಿತಕ್ಕೆ ತರಬಹುದು, ಹಿಂದಿನದು ಜಾರಿದರೆ ಬಹಳ ಸಲ ತಿರುಗಿದ ಮೇಲೆಯೇ ಗೊತ್ತಾಗುವುದು.

ಮಳೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಸವೆತದ ಲೆಕ್ಕವನ್ನು ನಾನು ಈಗ ಮೇ ತಿಂಗಳಲ್ಲಿ ಮಾಡುತ್ತೇನೆ, 1.6ರವರೆಗೆ ಕಾಯುವುದಿಲ್ಲ. ಮೇ ಕೊನೆಯಲ್ಲಿ ಮೂರು ಮಿ.ಮೀ.ಗಿಂತ ಕಡಿಮೆ ಇದ್ದರೆ ಆ ಟಯರ್ ಮಳೆಗಾಲ ನೋಡುವುದಿಲ್ಲ. ಬಟನ್ನಿನ ನಡುವಿನ ಕಾಲುವೆಗಳು ಇರುವುದೇ ನೀರನ್ನು ಹೊರಗೆ ತಳ್ಳಲು. ಅವು ಆಳ ಕಳೆದುಕೊಂಡರೆ ನಿಂತ ನೀರಿನ ಮೇಲೆ ಚಕ್ರ ತೇಲುತ್ತದೆ, ಬ್ರೇಕ್ ಒತ್ತಿದರೂ ಗಾಡಿ ಸಾಗುತ್ತಲೇ ಇರುತ್ತದೆ. ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಹಟ್ಟಿಹೊಳೆಯ ಕಡೆ ರಸ್ತೆಯೇ ತೋಡಾಗಿ ಹರಿಯುವುದನ್ನು ನೋಡಿದ್ದೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದ ಊರುಗಳಿವು. ಮಳೆಯಲ್ಲಿ ಗಾಡಿ ನಿಲ್ಲಬೇಕಾದ ಕಡೆ ನಿಲ್ಲಲೇಬೇಕು.

ಆಳ ನೋಡುವಾಗ ಒಂದೇ ಕಡೆ ನೋಡಬಾರದು. ನಡು, ಎರಡು ಅಂಚು, ಹೀಗೆ ಮೂರು ಕಡೆ. ನನ್ನ ಹಿಂದಿನ ಚಕ್ರಗಳಲ್ಲಿ ನಡು ಹೆಚ್ಚು ಸವೆದಿತ್ತು, ಲೋಡಿಗೆಂದು ತುಂಬಿಸಿದ ಗಾಳಿಯಲ್ಲೇ ಖಾಲಿ ಓಡಾಡುತ್ತಿದ್ದುದರಿಂದ. ಅಂಚುಗಳೆರಡೂ ಸವೆದರೆ ಗಾಳಿ ಕಡಿಮೆ, ಒಂದೇ ಅಂಚು ಸವೆದರೆ ಚಕ್ರದ ಅಲೈನ್‌ಮೆಂಟ್ ತಪ್ಪಿದೆ. ಗಾಳಿ ಕಡಿಮೆಯಾದ ಟಯರ್ ಹೆಚ್ಚು ಬಾಗಿ ಒಳಗೇ ಬಿಸಿಯಾಗುತ್ತದೆ, ಪಟ್ಟಿ ಬಿಡುವುದಕ್ಕೆ ಅದು ದೊಡ್ಡ ಕಾರಣ. ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮೊದಲೇ ನೋಡಬೇಕು. ಮಂಗಳೂರಿನ ಬಿಸಿಲಲ್ಲಿ ಬಿಸಿ ಟಯರಿಗೆ ಸರಿಯಾಗಿ ತುಂಬಿಸಿದ ಗಾಳಿ ನಮ್ಮ ಡಿಸೆಂಬರಿನ ಬೆಳಿಗ್ಗೆ ಕಡಿಮೆ ತೋರಿಸುತ್ತದೆ.

ಹಳೆಯ ಐದು ಟಯರುಗಳು ಶೆಡ್ಡಿನ ಹಿಂದೆ ಬಿದ್ದಿದ್ದವು. ಮಳೆನೀರು ನಿಂತರೆ ಡೆಂಗಿ ಸೊಳ್ಳೆಗೆ ಅದಕ್ಕಿಂತ ಒಳ್ಳೆಯ ಮನೆ ಬೇಕಿಲ್ಲ. ಅಷ್ಟರಲ್ಲಿ ನೆಂಟರೊಬ್ಬರು ಬಂದು, ಓಡದ ಆ ಸ್ಟೆಪ್ನಿಯನ್ನು ತಮ್ಮ ಜೀಪಿಗೆ ಕೇಳಿದರು. ಅಳತೆ ಒಂದೇ, ಬಟನ್ ಪೂರ್ತಿ. ಕೊಡುವುದಿಲ್ಲ ಎಂದೆ. ಅವರೆದುರೇ ಐದರ ಮಗ್ಗುಲನ್ನೂ ಕೊಯ್ಯಿಸಿದೆ, ಯಾರೂ ಮತ್ತೆ ಗಾಳಿ ತುಂಬದ ಹಾಗೆ. ಅವರಿಗೆ ಬೇಸರವಾಯಿತು, ಕೆಲವು ತಿಂಗಳು ಈ ಕಡೆ ಬರಲಿಲ್ಲ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಬಂದವರು ಊಟ ಮುಗಿಸಿ, "ಆ ಅಂಕಿ ಎಲ್ಲಿರುತ್ತದೆ, ತೋರಿಸು" ಎಂದರು. ಇಬ್ಬರೂ ಟಾರ್ಚ್ ಹಿಡಿದು ಅವರ ಜೀಪಿನ ಹತ್ತಿರ ಹೋದೆವು. ಎಡಗಡೆಯ ಮುಂದಿನ ಚಕ್ರದ ಕೆಸರು ಒರೆಸಿದೆ. 1914 ಎಂದಿತ್ತು. ಅವರು ಬೆರಳಿಟ್ಟು ಎರಡು ಸಲ ಓದಿದರು. ಆ ರಾತ್ರಿ ಜೀಪು ನಮ್ಮ ಅಂಗಳದಲ್ಲೇ ಉಳಿಯಿತು. ಅವರನ್ನು ನಾನೇ ಪಿಕಪ್ಪಿನಲ್ಲಿ ಮನೆಗೆ ಬಿಟ್ಟು ಬಂದೆ.